ಅಮೆರಿಕದ ಸೋಷಿಯಲ್ ಸೆಕ್ಯೂರಿಟಿ: ಗಂಡ ಹೆಂಡತಿ ಒಟ್ಟಿಗೆ ಕೂತು ಅರ್ಜಿ ಹಾಕೋದು ಹೇಗೆ

ಎಚ್-1ಬಿ ಅನ್ನೋ ಕೆಲಸದ ವೀಸಾದಲ್ಲಿ ಬಂದು ಅಮೆರಿಕದಲ್ಲೇ ಉಳಿದ ನಮ್ಮವರ ಮನೆಗಳಲ್ಲಿ ಹೆಚ್ಚು ಕಡಿಮೆ ಒಂದೇ ಕಥೆ. ಗಂಡನದು ಉದ್ದದ ಸರ್ವಿಸ್. ಹೆಂಡತಿ ಅವಲಂಬಿತರ ವೀಸಾ ಎಚ್-4ನಲ್ಲಿ ವರ್ಷಗಟ್ಟಲೆ ಮನೆಯಲ್ಲಿದ್ದು, ಆಮೇಲೆ ಒಂದಷ್ಟು ದುಡಿದವರು. ಸೋಷಿಯಲ್ ಸೆಕ್ಯೂರಿಟಿ, ಅಂದ್ರೆ ಅಮೆರಿಕ ಸರ್ಕಾರದ ಪಿಂಚಣಿಗೆ, ಅರ್ಜಿ ಇಬ್ಬರದೂ ಬೇರೆ ಬೇರೆ, ಆದರೆ ಯಾವಾಗ ಹಾಕೋದು ಅನ್ನೋದನ್ನು ಇಬ್ಬರೂ ಸೇರಿಯೇ ತೀರ್ಮಾನಿಸಬೇಕು.

ಮೊದಲು ಈ ಪಿಂಚಣಿ ಕೊಡುವ ಸರ್ಕಾರಿ ಸಂಸ್ಥೆ ಎಸ್‌ಎಸ್‌ಎ ವೆಬ್‌ಸೈಟಿನಲ್ಲಿ ಇಬ್ಬರೂ ಖಾತೆ ತೆರೆದು, ಯಾವ ವರ್ಷದ ಸಂಬಳವಾದರೂ ಬಿಟ್ಟುಹೋಗಿದೆಯಾ ನೋಡಿ. ಸ್ವಂತ ಪಿಂಚಣಿಗೆ 40 ಕ್ರೆಡಿಟ್ ಬೇಕು, ಅಂದ್ರೆ ಸುಮಾರು 10 ವರ್ಷದ ದುಡಿಮೆ. ಅಷ್ಟಿಲ್ಲದಿದ್ದರೂ ಸಂಗಾತಿಯ ದಾಖಲೆ ಮೇಲೆ ಪಾಲು ಸಿಗುತ್ತದೆ. ಊರಲ್ಲಿ ಪಿಎಫ್ ಕಟ್ಟಿದ ವರ್ಷಗಳು ಮಾತ್ರ ಇಲ್ಲಿ ಲೆಕ್ಕಕ್ಕಿಲ್ಲ.

1960ರಲ್ಲಿ ಅಥವಾ ಆಮೇಲೆ ಹುಟ್ಟಿದವರಿಗೆ ಪೂರ್ತಿ ಪಿಂಚಣಿಯ ವಯಸ್ಸು 67. ಗಂಡನಿಗೆ 67ಕ್ಕೆ ತಿಂಗಳಿಗೆ 3,000 ಡಾಲರ್, ಹೆಂಡತಿಯ ಸ್ವಂತದ್ದು 900 ಅಂತಿಟ್ಟುಕೊಳ್ಳಿ. ಗಂಡನದರಲ್ಲಿ ಅರ್ಧ ಅಂದ್ರೆ 1,500. ಎರಡೂ ಕೂಡಿ 2,400 ಬರುತ್ತೆ ಅಂತ ತುಂಬಾ ಜನ ಅಂದ್ಕೊಳ್ತಾರೆ, ಬರಲ್ಲ. 900ರ ಮೇಲೆ 600 ಸೇರಿಸಿ 1,500 ಮಾಡಿಕೊಡ್ತಾರೆ, ಅಷ್ಟೇ. ಆ 600 ಕೂಡ ಗಂಡ ತನ್ನ ಅರ್ಜಿ ಹಾಕುವವರೆಗೆ ಶುರುವಾಗಲ್ಲ, ತನ್ನ 900 ಮಾತ್ರ ಅವರು ಮೊದಲೇ ತಗೋಬಹುದು. 62ಕ್ಕೇ ತಗೊಂಡರೆ ಗಂಡನಿಗೆ 70%, ಹೆಂಡತಿಯ ಪಾಲು ಅರ್ಧದ ಬದಲು 32.5%.

ಗಂಡ 70ರವರೆಗೆ ಕಾದರೆ ಅವರದು 3,720 ಆಗುತ್ತದೆ. ಹೆಂಡತಿಯ ಪಾಲು 1,500 ದಾಟಲ್ಲ. ಹಾಗಾದ್ರೆ ಸುಮ್ನೆ ಯಾಕೆ ಕಾಯೋದು ಅಂತೀರಾ? ಗಂಡ ಮೊದಲು ತೀರಿಕೊಂಡರೆ ಹೆಂಡತಿಗೆ, ಅವರಿಗೂ ಪೂರ್ತಿ ವಯಸ್ಸಾಗಿದ್ದರೆ, ತನ್ನದರ ಬದಲು ಆ 3,720 ಬರುತ್ತದೆ. ಹೆಂಡತಿ ವಯಸ್ಸಿನಲ್ಲಿ ಚಿಕ್ಕವರಾಗಿದ್ದು ಗಂಡನ ಆರೋಗ್ಯವೂ ಅಷ್ಟಕ್ಕಷ್ಟೇ ಅನ್ನುವ ಮನೆಯಲ್ಲಿ ಕಾಯೋದೇ ಒಳ್ಳೆಯದು ಅಂತ ನನ್ನ ಅಭಿಪ್ರಾಯ, ಅಷ್ಟು ದಿನ ಮನೆ ಖರ್ಚು ನಡೆಯೋ ಹಾಗಿದ್ದರೆ.

ಅರ್ಜಿಯನ್ನು ಪಿಂಚಣಿ ಶುರುವಾಗಬೇಕಾದ ತಿಂಗಳಿಗಿಂತ 4 ತಿಂಗಳು ಮುಂಚೆಯೇ ಆನ್‌ಲೈನಲ್ಲಿ ಹಾಕಬಹುದು. ಅದಕ್ಕಿಂತ ಜಾಸ್ತಿ ಕಾಟ ಕೊಡೋದು ಕಾಗದಪತ್ರ. ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡಿನಲ್ಲಿ ಮೇಷ್ಟ್ರು ಬರೆಸಿದ ಜೂನ್ 1, ಜಾತಕದಲ್ಲಿ ಇನ್ನೊಂದು ದಿನ. ಇನಿಷಿಯಲ್ ಬಿಡಿಸಿದಾಗ ಊರಿನ ಹೆಸರೇ ಸರ್‌ನೇಮ್ ಆಗಿರೋದು, ಮದುವೆ ಸರ್ಟಿಫಿಕೇಟಿನಲ್ಲಿ ಅದು ಇಲ್ಲದಿರೋದು. ಇದೆಲ್ಲ ಮೊದಲೇ ಹೊಂದಿಸಿಕೊಳ್ಳಿ. ಛತ್ರದಲ್ಲಿ ಮದುವೆಯಾಗಿ ನೋಂದಣಿ ಮಾಡಿಸದವರು ಊರಿಗೆ ಹೋದಾಗ ಸಬ್ ರಿಜಿಸ್ಟ್ರಾರ್ ಆಫೀಸಿನಲ್ಲಿ ಮಾಡಿಸಿ ತನ್ನಿ. ನೋಟರಿ ಮಾಡಿಸಿದ ಜೆರಾಕ್ಸ್ ನಡೆಯಲ್ಲ, ಒರಿಜಿನಲ್ಲೇ ಬೇಕು, ಇಲ್ಲಾಂದ್ರೆ ಅದನ್ನು ಕೊಟ್ಟ ಕಚೇರಿಯೇ ದೃಢೀಕರಿಸಿದ ಪ್ರತಿ.

ಪಿಂಚಣಿ ಮುಂದೂಡಿದವರು ವಯಸ್ಸಾದವರ ಸರ್ಕಾರಿ ಆರೋಗ್ಯ ವಿಮೆ ಮೆಡಿಕೇರ್ ಮರೀಬೇಡಿ. ಅದಕ್ಕೆ 65ರಲ್ಲೇ ಬೇರೆ ಅರ್ಜಿ ಹಾಕಬೇಕು. ಕೆಲಸದ ಕಡೆಯ ಇನ್ಶೂರೆನ್ಸ್ ಇಲ್ಲದೆ ತಡ ಮಾಡಿದರೆ ಅದರಲ್ಲಿ ಡಾಕ್ಟರ ಖರ್ಚು ನೋಡಿಕೊಳ್ಳುವ ಪಾರ್ಟ್ ಬಿ ಕಂತಿನ ಮೇಲೆ ಬೀಳುವ ದಂಡವನ್ನು ಮುಂದೆ ಪ್ರತಿ ತಿಂಗಳೂ ಕಟ್ಟುತ್ತಲೇ ಇರಬೇಕು.