ನನ್ನದಲ್ಲದ ನಾಚಿಕೆಯನ್ನು ಇಳಿಸಿಕೊಂಡ ಬಗೆ

ಗಂಡ ಬಿಟ್ಟುಹೋದ ಮೇಲೆ ಸದಾ ಪಶ್ಚಾತ್ತಾಪದ ಪ್ರಾರ್ಥನೆಯನ್ನೇ ಮಾಡುತ್ತಿದ್ದೆ. ಯಾವ ಪಾಪಕ್ಕಾಗಿ ಎಂದು ಯಾರಾದರೂ ಕೇಳಿದ್ದರೆ ಉತ್ತರವಿರಲಿಲ್ಲ. ಬೈಬಲಿನ ಕೀರ್ತನೆಗಳ ಪುಸ್ತಕದ 51ನೆಯ ಕೀರ್ತನೆಯನ್ನು ಎಷ್ಟು ಓದಿದರೂ ಎದೆಯ ಭಾರ ಇಳಿಯಲಿಲ್ಲ. ಇಳಿಯುವುದಾದರೂ ಹೇಗೆ? ಅದರಲ್ಲಿ ಅರಸ ದಾವೀದನು ಅಳುವುದು ತಾನೇ ಮಾಡಿದ ಅಪರಾಧಕ್ಕಾಗಿ. ನಾನು ತಲೆ ತಗ್ಗಿಸಿದ್ದು ಬೇರೆಯವರು ಮಾಡಿದ್ದಕ್ಕೆ.

ನಮ್ಮ ಚರ್ಚಿನ ಸಭೆಯ ಹಿರಿಯ ತಾಯಿಯೊಬ್ಬರು, "69ನೆಯ ಕೀರ್ತನೆ ಓದಮ್ಮ, ಗಟ್ಟಿಯಾಗಿ ಓದು" ಎಂದರು. ನೀರು ಕುತ್ತಿಗೆಯವರೆಗೂ ಬಂದಿದೆ ಎಂಬ ಕೂಗಿನಿಂದ ಆರಂಭವಾಗುವ ಆ ಕೀರ್ತನೆಯಲ್ಲಿ, ನನಗಾದ ನಿಂದೆ, ಅವಮಾನ ನಿನಗೆ ಗೊತ್ತೇ ಇದೆ ಎಂದು ದೇವರಿಗೇ ಹೇಳುವ ಮಾತಿದೆ. ವಿರೋಧಿಗಳಿಗೆ ಶಾಪವೂ ಇದೆ. ಅವನ್ನೂ ಬಿಡದೆ ಓದಿದೆ. ಕೋಪವನ್ನು ದೇವರ ಮುಂದೆ ಸುರಿದ ಮೇಲೆಯೇ ನನ್ನ ಪ್ರಾರ್ಥನೆ ನಿಜವಾಯಿತು.

ಆಮೇಲೆ ಬಹುಕಾಲ ನಿಂತದ್ದು ಲೂಕನ ಸುವಾರ್ತೆಯ 8ನೆಯ ಅಧ್ಯಾಯದಲ್ಲಿ. 12 ವರ್ಷ ರಕ್ತಸ್ರಾವದಿಂದ ನರಳಿದ ಹೆಂಗಸು. ಬೈಬಲಿನ ಹಳೆಯ ಒಡಂಬಡಿಕೆಯಲ್ಲಿ ಶುದ್ಧಿಯ ಕಟ್ಟಳೆಗಳಿರುವ ಯಾಜಕಕಾಂಡದ ನಿಯಮದಂತೆ ಅವಳು ಅಶುದ್ಧಳು, ಅವಳು ಕುಳಿತ ಜಾಗವೂ ಅಶುದ್ಧ. ಗುಂಪಿನಲ್ಲಿ ಹಿಂದಿನಿಂದ ಬಂದು ಯೇಸುವಿನ ಉಡುಪಿನ ಅಂಚನ್ನು ಮುಟ್ಟಿದಳು, ಕೂಡಲೇ ವಾಸಿಯಾಯಿತು. ಈ ಕಥೆಯ ಮೇಲೆ ಚರ್ಚಿನಲ್ಲಿ ಮಾಡುವ ಅನೇಕ ಬೋಧನೆಗಳು ಇಲ್ಲಿಗೇ ಮುಗಿಯುತ್ತವೆ. ಯೇಸು ಮಾತ್ರ ಮುಗಿಸಲಿಲ್ಲ. ನನ್ನನ್ನು ಮುಟ್ಟಿದವರು ಯಾರು ಎಂದು ನಿಂತೇಬಿಟ್ಟನು. ಇದು ಕ್ರೂರವಲ್ಲವೇ, ಸುಮ್ಮನೆ ಕಳುಹಿಸಬಾರದಿತ್ತೇ ಎಂದು ನನಗೆ ಅನ್ನಿಸುತ್ತಿತ್ತು. ಆದರೆ ಗುಟ್ಟಾಗಿ ವಾಸಿಯಾದವಳು ಊರಿನ ಕಣ್ಣಿಗೆ ಅಶುದ್ಧಳಾಗಿಯೇ ಉಳಿಯುತ್ತಿದ್ದಳು. ಎಲ್ಲರೆದುರಿಗೆ ಅವಳನ್ನು "ಮಗಳೇ" ಎಂದು ಕರೆದು ಕಳುಹಿಸಿದನು.

ಅಲ್ಲಿಯವರೆಗೆ ನಾನು ಆರಾಧನೆಗೆ ತಡವಾಗಿ ಹೋಗಿ, ಕೊನೆಯ ಸಾಲಿನಲ್ಲಿ ಕುಳಿತು, ಆಶೀರ್ವಚನಕ್ಕೆ ಮುಂಚೆಯೇ ಎದ್ದು ಬರುತ್ತಿದ್ದೆ. ಯೇಸುವಿನ ನೆನಪಿಗೆ ರೊಟ್ಟಿ, ದ್ರಾಕ್ಷಾರಸ ಹಂಚಿಕೊಳ್ಳುವ ಕರ್ತನ ಭೋಜನದಿಂದಲೂ ದೂರವಿದ್ದೆ. ಆ ತಾಯಿಯ ಪಕ್ಕದಲ್ಲಿ, ನಡುವಿನ ಸಾಲಿನಲ್ಲಿ ಕೂರಲು ಆರಂಭಿಸಿದೆ. ರೊಟ್ಟಿಗೆ ಕೈ ಚಾಚಿದ ದಿನ ಕೈ ನಡುಗಿತು. ಪ್ರಾರ್ಥನಾ ಕೂಟದಲ್ಲಿ ನಡೆದದ್ದನ್ನು ನಾನೇ ಹೇಳಿದೆ, ಚುಟುಕಾಗಿ. ಗುಸುಗುಸು ಅರ್ಧ ಅಲ್ಲಿಗೇ ಸತ್ತಿತು.

ಕ್ಷಮಿಸು ಎಂದು ಅವಸರಪಡಿಸಿದವರ ಮಾತನ್ನು ನಾನು ಪಕ್ಕಕ್ಕಿಟ್ಟೆ. ಕ್ಷಮೆ ನಿಧಾನವಾಗಿ ಬರುತ್ತಿದೆ. ಮತ್ತೆ ಒಟ್ಟಿಗೆ ಬಾಳುವುದು ಬೇರೆಯೇ ವಿಷಯ. "ಹೊಂದಿಕೊಂಡು ಹೋಗಬಹುದಿತ್ತಲ್ಲ" ಎಂದು ಈಗಲೂ ಕೆಲವರು ಅನ್ನುತ್ತಾರೆ. ಬಿಟ್ಟುಹೋದವರು ಅವರು ಎಂದಷ್ಟೇ ಹೇಳಿ ಮಾತು ಬದಲಿಸುತ್ತೇನೆ. ಚುಚ್ಚುವುದೇನೋ ಚುಚ್ಚುತ್ತದೆ, ಆದರೆ ಮುಂದಿನ ಭಾನುವಾರ ತಪ್ಪಿಸಿಕೊಳ್ಳುವಷ್ಟಲ್ಲ.