ಪಟ್ಟಿ ಬೇಡ, ಒಂದು ರಾಗ ಸಾಕು: ಸಂಗೀತ ಕೇಳಿಸಲು ನಾನು ಮಾಡಿದ್ದು

"ಮಾಮ, ಶಾಸ್ತ್ರೀಯ ಸಂಗೀತ ಕೇಳ್ಬೇಕು ಅಂತಿದೀನಿ, ಎಲ್ಲಿಂದ ಶುರು ಮಾಡ್ಲಿ?" ಅಂತ ಅಕ್ಕನ ಮಗ ಕೇಳಿದ. ಹಿಂದೊಮ್ಮೆ ಆಫೀಸಿನ ಗೆಳೆಯರೊಬ್ಬರು ಇದನ್ನೇ ಕೇಳಿದ್ದರು. ಆಗ ನಾನು ಮಲ್ಲಿಕಾರ್ಜುನ ಮನ್ಸೂರ್, ಭೀಮಸೇನ ಜೋಶಿ, ಎಂ.ಎಸ್. ಸುಬ್ಬುಲಕ್ಷ್ಮಿ ಅಂತ ಇಪ್ಪತ್ತು ಹೆಸರು ಬರೆದುಕೊಟ್ಟಿದ್ದೆ. ಅವರು ಮೊದಲು ಹಾಕಿದ್ದೇ ಮುಕ್ಕಾಲು ಗಂಟೆಯ ವಿಲಂಬಿತ್ ಖ್ಯಾಲ್, ಅಂದ್ರೆ ಹಿಂದೂಸ್ತಾನಿಯಲ್ಲಿ ತುಂಬಾ ನಿಧಾನವಾಗಿ ಹಾಡೋದು. ಹತ್ತು ನಿಮಿಷಕ್ಕೆ ನಿಲ್ಲಿಸಿದವರು ಮತ್ತೆ ಆ ಕಡೆ ತಲೆ ಹಾಕಲಿಲ್ಲ. ಅದು ನನಗೆ ಇವತ್ತಿಗೂ ಬೇಜಾರು. ಹಾಗಾಗಿ ಇವನಿಗೆ ಪಟ್ಟಿ ಕೊಡಲಿಲ್ಲ, ಒಂದು ರಾಗ ಕೊಟ್ಟೆ. ಹಂಸಧ್ವನಿ.

ಅದರಲ್ಲಿ ಐದೇ ಸ್ವರ: ಸ ರಿ ಗ ಪ ನಿ. ಪುರಂದರದಾಸರ ‘ಗಜವದನ ಬೇಡುವೆ’ಯನ್ನು ಅವನು ಚಿಕ್ಕಂದಿನಿಂದ ಮನೆಯಲ್ಲೇ ಕೇಳಿದ್ದಾನೆ, ರಾಗದ ಹೆಸರು ಗೊತ್ತಿರಲಿಲ್ಲ ಅಷ್ಟೇ. ಮೊದಲ ವಾರ ಅದೊಂದೇ. ಆಮೇಲೆ ಮುತ್ತುಸ್ವಾಮಿ ದೀಕ್ಷಿತರ ‘ವಾತಾಪಿ ಗಣಪತಿಂ’, ಬೇರೆ ಬೇರೆ ಗಾಯಕರದ್ದು. ಅದಾದ ಮೇಲೆ ಹಿಂದೂಸ್ತಾನಿ ಗಾಯಕಿ ಕಿಶೋರಿ ಅಮೋಣ್ಕರ್ ಹಾಡಿದ ಹಂಸಧ್ವನಿ. ನಮ್ಮ ಕರ್ನಾಟಕ ಸಂಗೀತದ ರಾಗ ಹಿಂದೂಸ್ತಾನಿಗೆ ಹೋಗಿ ಹೇಗೆ ನಿಧಾನವಾಗಿ ಬಿಚ್ಚಿಕೊಳ್ಳುತ್ತೆ ಅನ್ನೋದು ಅಲ್ಲಿ ಚೆನ್ನಾಗಿ ಕೇಳುತ್ತೆ. ಗೊತ್ತಿರೋ ಹಾಡಿನಿಂದ ಬಂದವನಿಗೆ ಆ ನಿಧಾನ ಭಾರ ಅನ್ನಿಸಲಿಲ್ಲ.

ಜೊತೆಗೆ ಎಂಟೆಣಿಕೆಯ ಆದಿತಾಳ ಹಾಕಿಸಿದೆ. ತೊಡೆ ಮೇಲೆ ಒಂದು ಪೆಟ್ಟು, ಕಿರುಬೆರಳು, ಉಂಗುರಬೆರಳು, ನಡುಬೆರಳು, ಆಮೇಲೆ ಪೆಟ್ಟು, ಕೈ ತಿರುವು, ಪೆಟ್ಟು, ಕೈ ತಿರುವು. ಒಟ್ಟು ಎಂಟು. ಮೂರು ದಿನ ತಪ್ಪಿಸಿ ತಪ್ಪಿಸಿ ಹಾಕಿದ, ನಾಲ್ಕನೇ ದಿನ ಕೈ ತಾನೇ ಕೂತಿತು. ಸುಮ್ನೆ ಕೂತು ಕೇಳೋದಕ್ಕಿಂತ ಇದು ಎಷ್ಟೋ ವಾಸಿ. ಕೈಗೆ ಕೆಲಸ ಇದ್ದರೆ ಗಮನ ಬೇರೆಡೆ ಹೋಗೋದಿಲ್ಲ, ಮೃದಂಗ ಏನು ಮಾಡ್ತಿದೆ ಅಂತ ತಾನಾಗಿಯೇ ಕಿವಿಗೆ ಬೀಳುತ್ತೆ.

ನನಗೆ ತುಂಬಾ ಖುಷಿ ಕೊಟ್ಟದ್ದು ಮುಂದಿನದು. ಮನೆಯಲ್ಲಿ ಒಂದು ಹಳೇ ಕೀಬೋರ್ಡ್ ಇದೆ. ಅದರಲ್ಲಿ ಮೂರು ಕಪ್ಪು ಕೀ ಒಟ್ಟಿಗಿರುತ್ತವಲ್ಲ, ಅದರಲ್ಲಿ ಮೊದಲನೆಯದನ್ನು ಸ ಅಂತ ಇಟ್ಟುಕೊಂಡು ಬರೀ ಕಪ್ಪು ಕೀಗಳನ್ನೇ ಒತ್ತುತ್ತಾ ಹೋಗು ಅಂದೆ. ಸ ರಿ ಗ ಪ ದ. ಅದು ಮೋಹನ, ಹಿಂದೂಸ್ತಾನಿಯವರ ಭೂಪ್. ಈಗ ಆ ಕೊನೆಯ ದ ಬಿಟ್ಟು, ಅದರ ಮುಂದಿನ ಎರಡನೇ ಬಿಳಿ ಕೀ ಒತ್ತು, ಅದು ನಿ. ಆಯ್ತು, ಹಂಸಧ್ವನಿ! ಒಂದೇ ಸ್ವರ ಬದಲಾದದ್ದು, ಆದರೆ ಮುಖವೇ ಬೇರೆ. ಅವನು ಏನೂ ಮಾತಾಡದೆ ಎರಡನ್ನೂ ಒತ್ತಿ ಒತ್ತಿ ನೋಡ್ತಾ ಅರ್ಧ ಗಂಟೆ ಅಲ್ಲೇ ಕೂತಿದ್ದ. ಎರಡನೇ ತಿಂಗಳು ಮೋಹನ. ‘ನಿನ್ನುಕೋರಿ’ ವರ್ಣ (ಕಛೇರಿಯ ಶುರುವಿಗೆ ಹಾಡುವಂಥ ರಚನೆ), ಆಮೇಲೆ ಭೂಪ್‌ನಲ್ಲಿ ಕಿಶೋರಿಯವರದೇ ‘ಸಹೇಲಾ ರೇ’.

ರಾಮನವಮಿಗೆ ಬೆಂಗಳೂರಿನ ಚಾಮರಾಜಪೇಟೆಯ ಕೋಟೆ ಹೈಸ್ಕೂಲ್ ಮೈದಾನಕ್ಕೆ ಕರೆದುಕೊಂಡು ಹೋದೆ. ರಾಮಸೇವಾ ಮಂಡಳಿಯವರು 1939ರಿಂದ ನಡೆಸಿಕೊಂಡು ಬಂದಿರುವ ಸಂಗೀತೋತ್ಸವ ಅದು. ಮೊಬೈಲಿನಲ್ಲಿ ಎಷ್ಟು ಕೇಳಿದರೂ ಕಛೇರಿಯ ರುಚಿ ಅದರಲ್ಲಿ ಸಿಗೋದಿಲ್ಲ. ಹಾಡುಗಾರರು ಒಂದು ಸಂಗತಿ, ಅಂದ್ರೆ ಅದೇ ಸಾಲಿಗೆ ಹೊಸ ತಿರುವು, ಹಾಕಿದ ತಕ್ಷಣ ಪಿಟೀಲಿನವರು ನಕ್ಕು ಅದನ್ನೇ ತಿರುಗಿಸಿ ಕೊಡೋದನ್ನು ಎದುರಿಗೆ ಕೂತು ನೋಡಬೇಕು. ತನಿ ಆವರ್ತನ, ಅಂದ್ರೆ ಹಾಡು ನಿಂತು ತಾಳವಾದ್ಯದವರಷ್ಟೇ ನುಡಿಸೋ ಭಾಗ, ಶುರುವಾದಾಗ ಜಾಸ್ತಿ ಜನ ಕಾಫಿಗೆ ಎದ್ದರು. ನೀನು ಮಾತ್ರ ಏಳಬೇಡ, ತಾಳ ಹಾಕು ಅಂದೆ. ಮೃದಂಗ, ಘಟ ಒಂದರ ಹಿಂದೆ ಒಂದು ಓಡಿ ಕೊನೆಯ ಮುಕ್ತಾಯಕ್ಕೆ ಬಂದಾಗ ಅವನ ಪೆಟ್ಟೂ ಸರಿಯಾಗಿ ಅಲ್ಲೇ ಬಿತ್ತು. ತಿರುಗಿ ನನ್ನ ಮುಖ ನೋಡಿದ.

ಈಗ ಕಲ್ಯಾಣಿ ರಾಗಕ್ಕೆ ಬಂದಿದ್ದೇವೆ, ಪಕ್ಕದಲ್ಲೇ ಅದರ ಹಿಂದೂಸ್ತಾನಿ ಜೋಡಿ ಯಮನ್. ಮನ್ಸೂರರನ್ನು ಇನ್ನೂ ಕೇಳಿಸಿಲ್ಲ, ಮುಂದಿನ ತಿಂಗಳು ಕೇಳಿಸಬೇಕು.