ಆರು ಸಾವಿರದ ಶೇವಿಂಗ್ ಬ್ರಶ್: ದುಡ್ಡು ಕೊಡುವ ಮೊದಲು ಇಷ್ಟು ನೋಡಿ

ಶೇವಿಂಗ್ ಬ್ರಶ್ಶಿನ ಡಬ್ಬಿ ಮೇಲೆ ‘ಪ್ಯೂರ್ ಬ್ಯಾಡ್ಜರ್’ ಅಂತ ಬರೆದಿದ್ದರೆ ಖುಷಿಪಡಬೇಡಿ. ಬ್ಯಾಡ್ಜರ್ ಎಂಬ ಪ್ರಾಣಿಯ ಕೂದಲಿನಲ್ಲಿ ಅದು ಎಲ್ಲಕ್ಕಿಂತ ಕೆಳಗಿನ ದರ್ಜೆ. ಅದರ ಮೇಲೆ ‘ಬೆಸ್ಟ್’, ಅದಕ್ಕೂ ಮೇಲೆ ‘ಸೂಪರ್’, ‘ಸಿಲ್ವರ್‌ಟಿಪ್’ ಇವೆ. ಶುದ್ಧ ತುಪ್ಪ, ಶುದ್ಧ ರೇಷ್ಮೆ ಎಂದು ಕೇಳಿಕೊಂಡೇ ಬೆಳೆದ ನಮಗೆ ಈ ಲೆಕ್ಕ ತಲೆಕೆಳಗು. ನಾನೂ ಹಾಗೇ ಬಿದ್ದೆ. ಮೂರು ಸಾವಿರ ಕೊಟ್ಟು ಆನ್‌ಲೈನ್‌ನಲ್ಲಿ ತರಿಸಿದ ‘ಪ್ಯೂರ್’ ಬ್ರಶ್ ಕೆನ್ನೆಗೆ ಚುಚ್ಚುತ್ತಿತ್ತು. ಒದ್ದೆಯಾದರೆ ಮಳೆಯಲ್ಲಿ ನೆನೆದ ನಾಯಿಯ ವಾಸನೆ. ಈಗ ಅದು ಕಂಪ್ಯೂಟರ್ ಕೀಬೋರ್ಡಿನ ದೂಳು ಹೊಡೆಯುತ್ತಿದೆ.

ಆ ಮೂರು ಸಾವಿರಕ್ಕೆ ಕಲಿತ ಪಾಠ ಇದು. ನಿಮಗೆ ಬಿಟ್ಟಿ.

ಮೊದಲು: ನಿಮಗೆ ಬ್ರಶ್ ಬೇಕೇ?

ಟ್ರಿಮ್ಮರ್ ಓಡಿಸುವವರಿಗೆ ಬೇಡ. ಡಬ್ಬಿಯಿಂದ ಫೋಮ್ ಇಲ್ಲವೇ ಜೆಲ್ ಒತ್ತಿ ಹಚ್ಚುವವರಿಗೂ ಬೇಡ, ಆ ನೊರೆ ಕೈಯಲ್ಲೇ ಆಗುತ್ತದೆ. ವಾರಕ್ಕೊಮ್ಮೆ ಕಟಿಂಗ್ ಶಾಪಿಗೆ ಹೋಗಿ ಕೂರುವವರಿಗಂತೂ ಬೇಡವೇ ಬೇಡ. ಟ್ಯೂಬಿನ ಕ್ರೀಮ್ ಅಥವಾ ಶೇವಿಂಗ್ ಸೋಪು ಬಳಸುವವರು ಮಾತ್ರ ಮುಂದೆ ಓದಿ.

ಎರಡನೆಯದು: ತಪ್ಪು ಬ್ರಶ್ಶಿನದೋ, ನೀರಿನದೋ?

ಹೆಚ್ಚಿನವರು ದುಬಾರಿ ಬ್ರಶ್ ಹುಡುಕುವುದು ನೊರೆ ಸರಿಯಾಗಿ ಬರುವುದಿಲ್ಲ ಎಂಬ ಕಾರಣಕ್ಕೆ. ನೊರೆ ನೀರಾಗಿ ಇಳಿಯುತ್ತದೆ, ಅರ್ಧ ಗಡ್ಡ ಮುಗಿಯುವಷ್ಟರಲ್ಲಿ ಒಣಗುತ್ತದೆ. ಬ್ರಶ್ ಸರಿ ಇಲ್ಲ ಅಂದುಕೊಳ್ಳುತ್ತೇವೆ. ಆದರೆ ಬೆಂಗಳೂರಿನ ಬೋರ್‌ವೆಲ್ ನೀರಿನಲ್ಲಿ ಸ್ನಾನ ಮಾಡಿದವರಿಗೆ ಸೋಪಿನ ಪಾಡು ಗೊತ್ತಲ್ವಾ? ಗಡಸು ನೀರಿನಲ್ಲಿರುವ ಕ್ಯಾಲ್ಸಿಯಂ, ಮೆಗ್ನೀಸಿಯಂ ಸೋಪಿನ ಜೊತೆ ಸೇರಿ ಕರಗದ ಕೊಳೆಯಾಗಿ ಕೂರುತ್ತವೆ. ಬಕೆಟ್ ಅಂಚಿನ ಬಿಳಿ ಜಿಡ್ಡು ಅದೇ. ನೊರೆಗೆ ಉಳಿಯುವ ಸೋಪು ಅಷ್ಟಕ್ಕಷ್ಟೆ.

ಒಂದು ಸಣ್ಣ ಪರೀಕ್ಷೆ ಮಾಡಿ. ಎರಡು ಬಟ್ಟಲು ತೆಗೆದುಕೊಳ್ಳಿ. ಎರಡಕ್ಕೂ ಬಾದಾಮಿಯಷ್ಟು ಕ್ರೀಮ್ ಹಾಕಿ. ಒಂದಕ್ಕೆ ನಲ್ಲಿ ನೀರು, ಇನ್ನೊಂದಕ್ಕೆ ಫಿಲ್ಟರ್ ಮಾಡಿದ ಕುಡಿಯುವ ನೀರು, ಅಳತೆ ಒಂದೇ ಇರಲಿ. ಈಗಿರುವ ಹಳೇ ಬ್ರಶ್ಶನ್ನೇ ನಡುವೆ ತೊಳೆದುಕೊಂಡು ಒಂದೊಂದು ನಿಮಿಷ ತಿರುಗಿಸಿ. ಹತ್ತು ನಿಮಿಷ ಬಿಟ್ಟು ನೋಡಿ. ಕುಡಿಯುವ ನೀರಿನ ನೊರೆ ಗಟ್ಟಿ ಮೊಸರಿನ ಹಾಗೆ ನಿಂತು, ನಲ್ಲಿ ನೀರಿನದು ಕುಸಿದಿದ್ದರೆ ನಿಮ್ಮ ಬ್ರಶ್ಶಿನಲ್ಲಿ ಏನೂ ದೋಷವಿಲ್ಲ. ದಿನಾ ಒಂದು ಲೋಟ ಕುಡಿಯುವ ನೀರು ಬಿಸಿ ಮಾಡಿಕೊಂಡರೆ ಕೆಲಸ ಮುಗಿಯಿತು. ಮಳೆನೀರು ಹಿಡಿದಿಟ್ಟುಕೊಳ್ಳುವವರಿಗೆ ಅದೂ ಸಾಕು.

ಇಲ್ಲಿಗೇ ಓದು ನಿಲ್ಲಿಸುವವರು ಇರಬಹುದು. ನಿಲ್ಲಿಸಿ, ಬೇಜಾರಿಲ್ಲ.

ಮೂರನೆಯದು: ಒಂದು ವಾರ ಹಳೇ ಬ್ರಶ್ಶಿನಲ್ಲೇ ಸರಿಯಾಗಿ ನೊರೆ ಮಾಡಿ

ನಾವು ಸಾಮಾನ್ಯವಾಗಿ ಮಾಡುವ ತಪ್ಪು ಎರಡು. ಕ್ರೀಮ್ ಕಡಿಮೆ, ನೀರು ಒಮ್ಮೆಲೇ ಜಾಸ್ತಿ. ಬ್ರಶ್ಶನ್ನು ಬಿಸಿನೀರಿನಲ್ಲಿ ಅದ್ದಿ, ಜೋರಾಗಿ ಒದರಿ. ಸೋಪಾದರೆ ಅದರ ಮೇಲೆ ಅರ್ಧ ನಿಮಿಷ ತಿರುಗಿಸಿ. ಆಮೇಲೆ ಕೆನ್ನೆಯ ಮೇಲೆ ಉಜ್ಜುತ್ತಾ, ಬ್ರಶ್ಶಿನ ತುದಿಯನ್ನಷ್ಟೇ ನೀರಿಗೆ ತಾಗಿಸುತ್ತಾ ಹೋಗಿ. ಎರಡನೇ ಸುತ್ತಿಗೂ ಬ್ರಶ್ಶಿನಲ್ಲಿ ನೊರೆ ಉಳಿದಿರಬೇಕು. ಗಡ್ಡದ ಕೂದಲನ್ನು ಮೆತ್ತಗೆ ಮಾಡುವುದು ನೀರು, ಬ್ಲೇಡ್ ಜಾರುವುದು ನೊರೆಯ ಮೇಲೆ. ಬ್ರಶ್ ಇವೆರಡನ್ನೂ ಮುಖಕ್ಕೆ ಮುಟ್ಟಿಸುವ ಆಳು ಅಷ್ಟೆ.

ವಾರ ಕಳೆದ ಮೇಲೂ ಚುಚ್ಚುತ್ತದೆ, ಕೂದಲು ಉದುರುತ್ತದೆ, ನೊರೆ ಹಿಡಿಯುವುದಿಲ್ಲ ಅನಿಸಿದರೆ ಹೊಸದನ್ನು ನೋಡೋಣ.

ನಾಲ್ಕನೆಯದು: ಯಾವ ಕೂದಲು?

ಬೆಲೆಯ ದೊಡ್ಡ ವ್ಯತ್ಯಾಸ ಇಲ್ಲಿಂದಲೇ ಶುರು. ಮಾರುಕಟ್ಟೆಯಲ್ಲಿರುವುದು ಮುಖ್ಯವಾಗಿ ಮೂರು ಜಾತಿ.

ಹಂದಿ ಕೂದಲು ಅಗ್ಗ, ಒರಟು. ಅದಕ್ಕೆ ತಾಳ್ಮೆ ಬೇಕು. ಪ್ರತಿ ಸಲ ಮೂರ್ನಾಲ್ಕು ನಿಮಿಷ ನೆನೆಸಬೇಕು. ಕೆಲವು ವಾರ ಬಳಸಿದ ಮೇಲೆ ಕೂದಲಿನ ತುದಿ ಸೀಳಿ ಕವಲಾಗುತ್ತದೆ, ಆಗ ಮೆತ್ತಗಾಗುತ್ತದೆ. ಇಟಲಿಯ ಕ್ಷೌರದಂಗಡಿಗಳಲ್ಲಿ ಹೆಚ್ಚು ಓಡುವುದು ಇದೇ. ಅಲ್ಲಿನ ಬೊಲೊನ್ಯಾ ನಗರದ ಒಮೆಗಾ ಕಂಪನಿ 1931ರಿಂದ ಬ್ರಶ್ ಮಾಡುತ್ತಿದೆ. ಹಂದಿ ಕೂದಲು ಮನೆಯೊಳಗೆ ಬರುವುದು ಬೇಡ ಅನ್ನುವವರು ನಮ್ಮಲ್ಲಿ ಬೇಕಾದಷ್ಟಿದ್ದಾರೆ. ಅವರು ಡಬ್ಬಿಯ ಮೇಲೆ ‘ಬೋರ್’ ಅಥವಾ ‘ಬ್ರಿಸಲ್’ ಅಂತ ಇದೆಯಾ ನೋಡಿಕೊಳ್ಳಲಿ. ಬ್ಯಾಡ್ಜರ್ ತರಹ ಕಾಣಲೆಂದು ನಡುವೆ ಕಪ್ಪು ಪಟ್ಟಿ ಬಣ್ಣ ಹಾಕಿದ ಹಂದಿ ಕೂದಲಿನ ಬ್ರಶ್ಶುಗಳೂ ಇವೆ.

ಬ್ಯಾಡ್ಜರ್ ಎಂದರೆ ಬಿಲ ತೋಡಿ ಬದುಕುವ ಪ್ರಾಣಿ. ನಮ್ಮ ಕಾವೇರಿ ವನ್ಯಧಾಮದಲ್ಲಿ ಕ್ಯಾಮೆರಾಗೆ ಸಿಕ್ಕ ತರಕರಡಿ ಅದರ ದೂರದ ನೆಂಟ. ಕೂದಲಿಗೆ ಬಿಳಿ ತುದಿ, ನಡುವೆ ಕಪ್ಪು ಪಟ್ಟಿ. ನೀರು ಚೆನ್ನಾಗಿ ಹಿಡಿಯುತ್ತದೆ. ಒಳ್ಳೆಯ ದರ್ಜೆಯದು ನಿಜಕ್ಕೂ ಹಿತವಾಗಿರುತ್ತದೆ, ಸುಳ್ಳು ಹೇಳಬಾರದು. ತೊಂದರೆ ಏನೆಂದರೆ ಈ ದರ್ಜೆಗಳಿಗೆ ಎಲ್ಲರೂ ಒಪ್ಪಿದ ಅಳತೆ ಇಲ್ಲ. ಒಬ್ಬರ ‘ಸೂಪರ್’ ಇನ್ನೊಬ್ಬರ ‘ಬೆಸ್ಟ್’ ಆಗಿರಬಹುದು. ಚಿನ್ನಕ್ಕಿರುವ ಹಾಲ್‌ಮಾರ್ಕ್ ಇದಕ್ಕಿಲ್ಲ. ಇನ್ನೊಂದು ಮಾತು. ಬ್ರಿಟನ್‌ನಲ್ಲಿ ಬ್ಯಾಡ್ಜರನ್ನು ಕಾಪಾಡಲು 1992ರ ಕಾನೂನೇ ಇದೆ. ಬ್ರಶ್ಶಿನ ಕೂದಲು ಹೆಚ್ಚಾಗಿ ಬರುವುದು ಚೀನಾದಿಂದ. ಪ್ರಾಣಿಯನ್ನು ಕೊಂದೇ ತೆಗೆಯುವ ಕೂದಲು ಇದು. ನನಗೆ ಇದು ಆಮೇಲೆ ಗೊತ್ತಾಯಿತು. ಗೊತ್ತಾದ ಮೇಲೆ ಮತ್ತೊಂದು ಕೊಳ್ಳುವ ಮನಸ್ಸಾಗಲಿಲ್ಲ.

ಮೂರನೆಯದು ಸಿಂಥೆಟಿಕ್ ನಾರು. ಹಿಂದಿನ ನೈಲಾನ್ ಬ್ರಶ್ ನೆನೆದು ಮುಖ ಸಿಂಡರಿಸಬೇಡಿ. ಈಗಿನ ನಾರಿನ ತುದಿ ಸೂಜಿಯ ಹಾಗೆ ಸಣ್ಣಗಾಗುತ್ತಾ ಹೋಗುತ್ತದೆ, ಮುಖಕ್ಕೆ ಹತ್ತಿಯಷ್ಟು ಮೆತ್ತಗೆ. ನೆನೆಸುವುದು ಬೇಡ, ಬೇಗ ಒಣಗುತ್ತದೆ, ವಾಸನೆ ಇಲ್ಲ, ಕ್ರೀಮ್ ಕೂಡ ಕಡಿಮೆ ಸಾಕು. ‘ಟಕ್ಸೀಡೊ’ ಎಂಬ ಕಪ್ಪು-ಬಿಳಿ ನಾರಿನ ಬ್ರಶ್ಶುಗಳು ಸಾವಿರದ ಆಸುಪಾಸಿನಲ್ಲೇ ಸಿಗುತ್ತವೆ.

ಕುದುರೆ ಕೂದಲಿನದೂ ಅಲ್ಲಲ್ಲಿ ಇದೆ. ಮೊದಲ ಮಹಾಯುದ್ಧದ ಕಾಲದಲ್ಲಿ ಸರಿಯಾಗಿ ಶುದ್ಧಮಾಡದ ಕುದುರೆ ಕೂದಲಿನ ಬ್ರಶ್ಶಿನಿಂದ ಬ್ರಿಟನ್, ಅಮೆರಿಕದಲ್ಲಿ ಆಂಥ್ರಾಕ್ಸ್ ಹರಡಿ ಜನ ಸತ್ತಿದ್ದರು. ಅಜ್ಜನ ಪೆಟ್ಟಿಗೆಯಲ್ಲಿ ಆ ಕಾಲದ ಬ್ರಶ್ ಸಿಕ್ಕರೆ ಶೋಕೇಸಿನಲ್ಲಿಡಿ, ಮುಖಕ್ಕೆ ಬೇಡ.

ಐದನೆಯದು: ದುಡ್ಡು ಎಲ್ಲಿಗೆ ಹೋಗುತ್ತದೆ?

‘ಹತ್ತು ವರ್ಷ ಬರುತ್ತೆ ಸಾರ್, ದಿನಕ್ಕೆ ಲೆಕ್ಕ ಹಾಕಿದ್ರೆ ಏನೂ ಇಲ್ಲ’ ಎನ್ನುವುದು ಅಂಗಡಿಯವರ ಮಾಮೂಲಿ ಮಾತು. ಲೆಕ್ಕ ಹಾಕಿಯೇ ಬಿಡೋಣ. ವಾರಕ್ಕೆ ಮೂರು ಸಲ ಶೇವ್ ಮಾಡುತ್ತೀರಿ ಎಂದರೆ ವರ್ಷಕ್ಕೆ 156 ಸಲ. 6,000 ರೂಪಾಯಿಯ ಬ್ರಶ್ ಹತ್ತು ವರ್ಷ ಬಂದರೂ ಒಂದು ಸಲಕ್ಕೆ 3 ರೂಪಾಯಿ 85 ಪೈಸೆ. 900 ರೂಪಾಯಿಯ ಸಿಂಥೆಟಿಕ್ ಐದು ವರ್ಷ ಬಂದರೆ 1 ರೂಪಾಯಿ 15 ಪೈಸೆ. 150 ರೂಪಾಯಿಯದನ್ನು ವರ್ಷವರ್ಷ ಬದಲಿಸಿದರೂ 96 ಪೈಸೆ. ಹತ್ತು ವರ್ಷ ಬರುವುದು ನಿಜವೇ ಇರಬಹುದು. ಆದರೆ ಅಷ್ಟು ವರ್ಷ ಕಳೆದರೂ ದುಬಾರಿಯದು ಅಗ್ಗವಾಗುವುದಿಲ್ಲ. ನಡುವೆ ನೀವು ಗಡ್ಡ ಬಿಟ್ಟರಂತೂ ಮುಗಿಯಿತು.

ಹಾಗಾದರೆ ಉಳಿದ ದುಡ್ಡು? ಕೂದಲಿನ ದರ್ಜೆಗೆ ಒಂದು ಪಾಲು, ಹಿಡಿಗೆ ಇನ್ನೊಂದು ಪಾಲು, ಹೆಸರಿಗೆ ಮತ್ತೊಂದು. ಬ್ರಿಟನ್ನಿನ ಕೆಂಟ್ ಹುಟ್ಟಿದ್ದು 1777ರಲ್ಲಿ, ಸಿಂಪ್ಸನ್ 1919ರಲ್ಲಿ, ಜರ್ಮನಿಯ ಮ್ಯೂಲೆ 1945ರಲ್ಲಿ. ಆ ಹೆಸರುಗಳಿಗೆ ಬೆಲೆ ಇದ್ದೇ ಇದೆ. ಹೊರದೇಶದಿಂದ ತರಿಸಿದರೆ ಸಾಗಣೆ, ಕಸ್ಟಮ್ಸ್ ಸುಂಕವನ್ನೂ ಸೇರಿಸಿಕೊಳ್ಳಿ.

ಚಂದದ ಹಿಡಿ ಕೈಯಲ್ಲಿ ಹಿಡಿದರೆ ಖುಷಿಯಾಗುತ್ತದೆ ಅಂತ ಕೊಂಡರೆ ಅದರಲ್ಲಿ ತಪ್ಪೇನಿಲ್ಲ. ಟೈಮ್ ನೋಡಲು ಮೊಬೈಲ್ ಇದ್ದರೂ ವಾಚ್ ಕೊಳ್ಳುತ್ತೇವೆ. ಶೇವ್ ನುಣ್ಣಗಾಗುತ್ತದೆ ಎಂಬ ನೆಪ ಮಾತ್ರ ಬೇಡ. ನುಣ್ಣಗಾಗುವುದು ಬ್ಲೇಡಿನಿಂದ ಮತ್ತು ನಿಮ್ಮ ಕೈಯಿಂದ.

ಆರನೆಯದು: ಕೈಗೆ ಸಿಕ್ಕಾಗ ಹೀಗೆ ಪರೀಕ್ಷಿಸಿ

ಅಂಗಡಿಯಲ್ಲಾದರೆ ಬ್ರಶ್ಶನ್ನು ಅಂಗೈಯ ಹಿಂಭಾಗಕ್ಕೆ ಒತ್ತಿ ಸುತ್ತು ತಿರುಗಿಸಿ. ಅಲ್ಲೇ ಚುಚ್ಚಿದರೆ ಕತ್ತಿನ ಬಳಿ ಇನ್ನೂ ಚುಚ್ಚುತ್ತದೆ. ಕೂದಲಿನ ಕಟ್ಟನ್ನು ಬೆರಳಲ್ಲಿ ಹಿಡಿದು ಸ್ವಲ್ಪ ಅಲ್ಲಾಡಿಸಿ, ಬುಡ ಕದಲಬಾರದು. ಅಲ್ಲಿರುವುದು ಅಂಟು. ಅದು ಬಿಟ್ಟರೆ ಎಂಥ ಕೂದಲಿದ್ದೂ ದಂಡ. ಸೋಪಿನ ಕೈಯಲ್ಲಿ ಹಿಡಿ ಜಾರುವುದಿಲ್ಲವೇ ಯೋಚಿಸಿ.

ಆನ್‌ಲೈನ್‌ನಲ್ಲಾದರೆ ಎರಡು ಅಳತೆ ಹುಡುಕಿ. ಬುಡದಲ್ಲಿ ಕಟ್ಟಿನ ಅಗಲ 24 ಮಿ.ಮೀ. ಸುತ್ತಮುತ್ತ, ಹಿಡಿಯಿಂದ ಮೇಲಿನ ಕೂದಲಿನ ಎತ್ತರ 50 ಮಿ.ಮೀ. ಸುತ್ತಮುತ್ತ ಇದ್ದರೆ ಹೊಸಬರಿಗೆ ಸರಿ. ಅಗಲ ಅಷ್ಟೇ ಇದ್ದು ಎತ್ತರ ಜಾಸ್ತಿಯಾದರೆ ಬ್ರಶ್ ತಲೆದೂಗುತ್ತದೆ, ಕಡಿಮೆಯಾದರೆ ಬಿರುಸಾಗುತ್ತದೆ. ಈ ಅಳತೆ ಬರೆಯದೆ ಬರೀ ‘ಲಕ್ಷುರಿ’ ಅಂತ ಹಾಕಿದವರನ್ನು ನಾನು ನಂಬುವುದಿಲ್ಲ.

ಕರಾವಳಿ, ಮಲೆನಾಡಿನವರಿಗೆ ಒಂದು ಕಿವಿಮಾತು. ಜೂನ್‌ನಿಂದ ಮೂರು ತಿಂಗಳು ಬಟ್ಟೆಯೇ ಒಣಗದ ಊರಿನಲ್ಲಿ ಪ್ರಾಣಿಯ ಕೂದಲು ಒಣಗುವುದು ಕಷ್ಟ, ಬೂಷ್ಟು ಹಿಡಿಯುತ್ತದೆ. ಸುಮ್ನೆ ಸಿಂಥೆಟಿಕ್ ತೊಗೊಳ್ಳಿ. ಯಾವುದೇ ಆದರೂ ತೊಳೆದು, ಒದರಿ, ಗಾಳಿಗೆ ಇಡಿ. ಮುಚ್ಚಳದ ಡಬ್ಬಿಗೆ ಹಸಿಯಾಗಿ ತುರುಕಬೇಡಿ.

ಕೊನೆಗೆ: ಮೊದಲ ಹದಿನೈದು ದಿನ

ಹೊಸ ಬ್ರಶ್ಶನ್ನು ಶಾಂಪೂ ಹಾಕಿ ಒಂದೆರಡು ಸಲ ತೊಳೆದರೆ ಪ್ರಾಣಿಯ ವಾಸನೆ ಬಹಳಷ್ಟು ಹೋಗುತ್ತದೆ. ಉದುರಿದ ಒಂದು ಕೂದಲನ್ನು ಇಕ್ಕಳದಲ್ಲಿ ಹಿಡಿದು ಬೆಂಕಿಕಡ್ಡಿ ತಾಗಿಸಿ. ಸುಟ್ಟ ಕೂದಲಿನ ವಾಸನೆ ಬಂದು ಬೂದಿಯಾದರೆ ಪ್ರಾಣಿಯದು, ಕರಗಿ ಗುಂಡಾದರೆ ಸಿಂಥೆಟಿಕ್. ಡಬ್ಬಿಯ ಮೇಲೆ ಬರೆದದ್ದಕ್ಕೆ ತಾಳೆ ಹಾಕಿ. ಮೊದಲ ವಾರ ನಾಲ್ಕೈದು ಕೂದಲು ಉದುರುವುದು ಮಾಮೂಲು. ಎರಡನೇ ವಾರವೂ ಕೆನ್ನೆಯ ಮೇಲೆ, ಸಿಂಕಿನಲ್ಲಿ ಕೂದಲು ಸಿಗುತ್ತಲೇ ಇದ್ದರೆ ಅಂಟು ಸರಿ ಕೂತಿಲ್ಲ ಎಂದರ್ಥ, ವಾಪಸ್ ಕೊಡಿ. ಎಷ್ಟು ದಿನದೊಳಗೆ ವಾಪಸ್ ತೆಗೆದುಕೊಳ್ಳುತ್ತಾರೆ ಎಂಬುದನ್ನು ಕೊಳ್ಳುವಾಗಲೇ ಕೇಳಿಟ್ಟುಕೊಳ್ಳಿ. ಬಿಲ್ಲನ್ನೂ ಡಬ್ಬಿಯನ್ನೂ ಅಲ್ಲಿಯವರೆಗೆ ಎಸೆಯಬೇಡಿ.